ಬೂದಿಯಲ್ಲಿ ಬೆಚ್ಚಗಿಟ್ಟ ಸರಳು

ಬಸ್ಸಿನ ಕಂಬಿಯನ್ನು ಉಗುರಿನಿಂದ ತಟ್ಟಿ, ತಲೆ ಓರೆ ಮಾಡಿ, ಅದು ಏನು ಹೇಳುತ್ತದೋ ಎಂದು ಕಿವಿಗೊಡುವ ಹೆಂಗಸಿನ ಪಕ್ಕ ನಾನು ಹತ್ತು ವರ್ಷಕ್ಕೂ ಹೆಚ್ಚು ಕೂತಿದ್ದೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಬೆಳಗಿನ ಬಸ್ಸೆಂದರೆ ತಂಬಾಕಿನ ವಖಾರಿಗೆ ಹೋಗುವ ಹೆಣ್ಣುಮಕ್ಕಳು, ಹಾಲಿನ ಕ್ಯಾನಿನವರು, ನಮ್ಮದೇ ಕಾಲೇಜಿನ ಹುಡುಗರು ಎಲ್ಲ ತುಂಬಿರುತ್ತಿದ್ದರು. ಅವರೆಲ್ಲರ ನಡುವೆ ಇವರು ಕಂಬಿ ತಟ್ಟುವುದು, ಕೇಳುವುದು, ತಮ್ಮಷ್ಟಕ್ಕೆ ಹೂಂಗುಟ್ಟುವುದು. ಆಮೇಲೆ ನನಗೂ ರೂಢಿಯಾಯಿತು. ಈಗ ಒಬ್ಬಳೇ ಹೋಗುವಾಗ ಕೈ ತಾನಾಗಿ ಕಂಬಿಯ ಕಡೆ ಹೋಗುತ್ತದೆ. ನನಗೆ ಅದು ಏನೂ ಹೇಳುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ. ಮೀರಜಿಗೆ ಕರೆದೊಯ್ಯುವ ಹೊತ್ತಿಗೆ ಡಾಕ್ಟರು ಕೈಚೆಲ್ಲಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಕಾಲೇಜಿನ ಫೋಟೋದಲ್ಲಿ ಕೂಡ ಯಾರದಾದರೂ ಬೆನ್ನ ಹಿಂದೆ ಅರ್ಧ ಮುಖ ಇಟ್ಟು ನಿಲ್ಲುವವರು. ಆ ತಾಂತ್ರಿಕ ಕಾಲೇಜಿನಲ್ಲಿ ಹೆಂಗಸರೆಂದರೆ ನಾವಿಬ್ಬರೇ. ನಾನು ರಸಾಯನಶಾಸ್ತ್ರ, ಅವರು ಲೋಹಶಾಸ್ತ್ರ. ಹುಡುಗರು ಬರೀ 'ಮೇಡಂ' ಎಂದರೆ ಅವರು. ನನಗೆ 'ಸಿಟ್ಟಿನ ಮೇಡಂ' ಎಂದು ಹೆಸರಿಟ್ಟಿದ್ದರು. ಸುಳ್ಳೇನೂ ಅಲ್ಲ.

ಮೇಡಂ ಪಾಠ ಮಾಡುವುದನ್ನು ನೋಡಬೇಕಿತ್ತು. ದನಿ ಎತ್ತಿದವರಲ್ಲ, ಆದರೆ ಹಿಂದಿನ ಬೆಂಚಿನಲ್ಲಿ ಮಾತಾಡಿದವರೂ ಇಲ್ಲ. ಲೋಹದೊಳಗಿನ ಕಣಗಳ ಪಾಠದ ದಿನ ಚೀಲದಲ್ಲಿ ಎರಡು ತುಂಡು ಬೆಲ್ಲ ತರುತ್ತಿದ್ದರು. ಬೇಡಕಿಹಾಳದ ಹುಡುಗನೊಬ್ಬ ಪ್ರತಿವರ್ಷ ತಂದುಕೊಡುವ ಬೆಲ್ಲದಲ್ಲಿ ಒಂದು ಈ ಸಲದ್ದು, ಇನ್ನೊಂದು ಹೋದ ವರ್ಷ ಎತ್ತಿಟ್ಟದ್ದು. ಎರಡನ್ನೂ ಮುರಿದು ಹಂಚುವರು. ಹೊಸದು ನಾಲಿಗೆಯ ಮೇಲೆ ನುಣ್ಣಗೆ ಕರಗಿದರೆ ಹಳೆಯದು ಹಲ್ಲಿಗೆ ಕರಕರ ಎನ್ನುತ್ತಿತ್ತು.

"ಇದು ಡಬ್ಬಿಯೊಳಗ ಸುಮ್ನ ಕೂತಿತ್ತು. ಯಾರೂ ಮುಟ್ಟಿಲ್ಲ, ಕಲಸಿಲ್ಲ. ಹಂಗಾರ ಒಳಗಿನ ಹರಳು ಹ್ಯಾಂಗ ದೊಡ್ಡವಾದವು?" ಎಂದು ಕೇಳುವರು. ಹುಡುಗರು ಬೆಲ್ಲ ಚೀಪುತ್ತ ಕೂತಿರುವರು. "ಸಣ್ಣವು ಕರಗ್ಯಾವ. ಕರಗಿದ್ದು ಸರಕೋತ ಹೋಗಿ ದೊಡ್ಡದಕ್ಕ ಸೇರೇತಿ. ಗಟ್ಟಿ ವಸ್ತು ಅಂದ್ರ ನಿಂತಬಿಟ್ಟೇತಿ ಅಂತ ತಿಳೀಬ್ಯಾಡ್ರಿ. ಒಳಗ ಯಾವಾಗಲೂ ನಡದಾಡತಿರತಾವ. ಭಾಳ ಸಾವಕಾಶ."

ಒಮ್ಮೆ ಭೋಜ ಎಂಬ ಹಳ್ಳಿಯ ಹುಡುಗನೊಬ್ಬ ಎದ್ದು, "ಹಂಗಾರ ನಮ್ಮ ಭೋಜ ಕರಗಾಕತ್ತೈತ್ರಿ ಮೇಡಂ, ನಿಪ್ಪಾಣಿ ದೊಡ್ಡದಾಗಾಕತ್ತೈತಿ" ಎಂದ. ಕ್ಲಾಸೆಲ್ಲ ನಕ್ಕಿತು. ನಾನಾಗಿದ್ದರೆ ಹೊರಗೆ ಕಳಿಸುತ್ತಿದ್ದೆ. ಮೇಡಂ ನಗಲೂ ಇಲ್ಲ, ಬೈಯಲೂ ಇಲ್ಲ. "ಹೌದಪಾ, ಅದೂ ಹಂಗ" ಎಂದು ಉಳಿದ ಬೆಲ್ಲವನ್ನು ಅವನ ಕೈಗೆ ಕೊಟ್ಟರು.

ಅವರ ತವರು ಕಾಗವಾಡ. ದ್ರಾಕ್ಷಿಯ ಕಾಲದಲ್ಲಿ ತವರಿಂದ ಬುಟ್ಟಿ ಬಂದರೆ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಹಬ್ಬ. ಗಂಡ ರಾಯಬಾಗ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದರು. ಪಾಪದ ಮನುಷ್ಯ, ಪಾಳಿ ಮುಗಿಸಿ ಮನೆಗೆ ಬಂದರೆ ಪೇಪರಿನ ಹಿಂದೆ ಅಡಗುವವರು. ಮನೆ ನಡೆಸುತ್ತಿದ್ದವರು ಅತ್ತೆ. ಓಣಿಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಇನ್ನು ಮಗಳು ಸುಮಿ. ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಪೋಲಿಯೋ ಆಗಿ ಬಲಗಾಲು ಸೋತಿತ್ತು.

ಜ್ವರ ಬಂದ ದಿನ ಮೇಡಂ ಕಾಲೇಜಿನಲ್ಲಿದ್ದರು. ಆಯಿ ಅದನ್ನು ಮರೆಯಲೂ ಇಲ್ಲ, ಮರೆಯಲು ಬಿಡಲೂ ಇಲ್ಲ. "ಕೂಸಿನ ಮೈ ಸುಡಾಕತ್ತಾಗ ಇಕಿ ಬಸ್ಸಿನ್ಯಾಗ ಇದ್ಲು" ಎಂದು ನನ್ನೆದುರಿಗೇ ಹೇಳಿದ್ದರು. ತಾಯಿ ಮನೆಯಲ್ಲಿದ್ದಿದ್ದರೆ ಪೋಲಿಯೋ ಬಾಗಿಲಿಂದ ವಾಪಸು ಹೋಗುತ್ತಿತ್ತೇ? ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ಕೈಗೆ ಚಹಾದ ಕಪ್ಪು ಕೊಟ್ಟರು. ಅವರು ಬಾಯಿ ಮುಚ್ಚಿಸುತ್ತಿದ್ದ ರೀತಿ ಅದು.

ಆದರೆ ಸುಮಿಯ ವಿಷಯದಲ್ಲಿ ಆಯಿಯನ್ನು ಆಡಿಕೊಳ್ಳುವ ಹಾಗಿರಲಿಲ್ಲ. ಕಾಲು ತಿಕ್ಕುವುದು, ಎತ್ತಿಕೊಳ್ಳುವುದು, ಶಾಲೆಗೆ ಬಿಟ್ಟು ಕಟ್ಟೆಯ ಮೇಲೆ ಶಾಲೆ ಬಿಡುವತನಕ ಕೂರುವುದು, ಎಲ್ಲ ಅವರೇ. ಮೇಡಂ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದುದರಿಂದ ಬೆಳಿಗ್ಗೆ ಕೂಸಿನ ಕಾಲಿಗೆ ಕ್ಯಾಲಿಪರ್ ಕಟ್ಟುವ ಕೆಲಸವೂ ಆಯಿಯದೇ ಆಗಿತ್ತು.

ಕ್ಯಾಲಿಪರ್ ಎಂದರೆ ಕಾಲಿನ ಎರಡೂ ಬದಿಗೆ ಒಂದೊಂದು ಸರಳು, ತೊಡೆಗೂ ಮೊಣಕಾಲಿಗೂ ಚರ್ಮದ ಪಟ್ಟಿ, ಸರಳಿನ ತುದಿ ಬೂಟಿನ ಹಿಮ್ಮಡಿಯೊಳಗೆ ಸಿಗಿಸುವ ಹಾಗೆ. ಮೀರಜಿನಲ್ಲಿ ಮಾಡಿಸಿದ ಮೊದಲನೆಯದು ಕಬ್ಬಿಣದ್ದು. ಅದನ್ನು ಕಟ್ಟಿಕೊಂಡು ಸುಮಿ ಕಾಲು ಎತ್ತುತ್ತಿರಲಿಲ್ಲ, ಎಳೆಯುತ್ತಿದ್ದಳು. ಅಂಗಳದಲ್ಲಿ ಗೀರು ಬೀಳುತ್ತಿತ್ತು. ಆ ಗೀರನ್ನು ನೋಡಿ ಒಂದು ದಿನ ಮೇಡಂ, "ನಾನ ಮಾಡತೀನ್ರಿ, ಹಗೂರಂದು" ಎಂದರು.

ಕೊಲ್ಹಾಪುರದಿಂದ ಅಲ್ಯುಮಿನಿಯಂ ಮಿಶ್ರಲೋಹದ ಸರಳು ತಂದರು. ಅದರಲ್ಲಿ ಒಂದಿಷ್ಟು ತಾಮ್ರ ಸೇರಿರುತ್ತದೆ. ಅದು ಗಟ್ಟಿ, ಹಾಗೇ ಬಗ್ಗಿಸಿದರೆ ಸೀಳುತ್ತದೆ. ಕಾಲೇಜಿನ ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿದರೆ ಒಳಗಿನ ತಾಮ್ರದ ಕಣಗಳು ಅಲ್ಯುಮಿನಿಯಮ್ಮಿನಲ್ಲೇ ಕರಗಿಹೋಗುತ್ತವೆ. ಆಗ ತಟ್ಟನೆ ನೀರಿಗೆ ಹಾಕಿದರೆ ಅವು ಹೊರಗೆ ಬರಲು ಪುರಸೊತ್ತು ಸಿಗದೆ ಲೋಹ ಮೆತ್ತಗೆ ಉಳಿಯುತ್ತದೆ. ಆಮೇಲೆ ತಾಸು ಕಳೆದಂತೆ ಅವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತುಂಬ ಒತ್ತೊತ್ತಾಗಿ ಹುಟ್ಟಿಕೊಂಡು ಲೋಹ ತಾನಾಗಿ ಗಟ್ಟಿಯಾಗುತ್ತದೆ. ಮೆತ್ತಗಿರುವ ಆ ಸ್ವಲ್ಪ ಹೊತ್ತಿನಲ್ಲೇ ಕೂಸಿನ ಕಾಲಿಗೆ ಹೊಂದುವಂತೆ ಬಗ್ಗಿಸಿಕೊಳ್ಳಬೇಕು. ಕುಲುಮೆ ನಿಪ್ಪಾಣಿಯಲ್ಲಿ, ಕಾಲು ಚಿಕ್ಕೋಡಿಯಲ್ಲಿ. ಬಸ್ಸು ಕೆಟ್ಟು ನಿಂತರೆ ಕೆಲಸ ಹಾಳು.

ಮೇಡಂ ಇದಕ್ಕೊಂದು ಉಪಾಯ ತೆಗೆದರು. ತಣ್ಣಗಿದ್ದರೆ ಕಣಗಳ ಓಡಾಟವೂ ನಿಧಾನ. ಬಸ್‌ಸ್ಟ್ಯಾಂಡಿನ ಹತ್ತಿರದ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಬರ್ಫ ತಂದು, ಉಪ್ಪು ಬೆರೆಸಿ, ಥರ್ಮಾಕೋಲಿನ ಉದ್ದ ಪೆಟ್ಟಿಗೆಯಲ್ಲಿ ಸರಳುಗಳನ್ನು ಹೂತಿಟ್ಟುಕೊಂಡು ಬಸ್ಸು ಹತ್ತಿದರು. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಕಂಡಕ್ಟರ್ ಮೂಗು ಮುಚ್ಚಿಕೊಂಡ.

"ಮೀನ ಏನ್ರಿ ಬಾಯಾರ? ಹಂಗಿದ್ರ ಹಿಂದ ಕೂಡ್ರಿ."

ಮುಂದಿನ ಸೀಟಿನ ಅಜ್ಜರೊಬ್ಬರು ಮೀನೆಂದು ಹೇಸಿ ಆಗಲೇ ಎದ್ದು ನಿಂತಿದ್ದರು. ನಾನು ಜಗಳಕ್ಕೆ ಸೆರಗು ಸಿಕ್ಕಿಸಿದೆ. ಮೇಡಂ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದರು. ಬರ್ಫದ ನಡುವೆ ಎರಡು ಬೆಳ್ಳನೆಯ ಸರಳು.

"ಮಗಳ ಕಾಲ್ರಿ" ಎಂದರು.

ಕಂಡಕ್ಟರ್ ಏನು ತಿಳಿದುಕೊಂಡನೋ, ತನ್ನ ಸೀಟನ್ನೇ ಪೆಟ್ಟಿಗೆಗೆ ಬಿಟ್ಟುಕೊಟ್ಟು ಚಿಕ್ಕೋಡಿಯತನಕ ನಿಂತೇ ಬಂದ.

ಚರ್ಮದ ಕೆಲಸಕ್ಕೆ ಅಥಣಿಯಿಂದ ಚಪ್ಪಲಿ ಮಾಡುವವರೊಬ್ಬರನ್ನು ಕರೆಸಿದ್ದರು. ಅವರು ಸುಮಿಯ ತೊಡೆಗೆ ದಾರ ಸುತ್ತಿ ಅಳತೆ ತೆಗೆದುಕೊಂಡು, ಮೆತ್ತನೆಯ ಚರ್ಮದಲ್ಲಿ ಪಟ್ಟಿ ಹೊಲಿದುಕೊಟ್ಟರು. ಹೋಗುವಾಗ ಆಯಿಗೆ, "ಚರ್ಮಕ್ಕ ಬಿಸಿ ಆಗಿಬರೂದಿಲ್ರಿ ಆಯಿ, ಒಲಿ ಹತ್ರ ಇಡಬ್ಯಾಡ್ರಿ" ಎಂದು ಹೇಳಿದರು. ಆಯಿ ತಲೆಯಾಡಿಸಿದರು. ಮೇಡಂ ಅಲ್ಲೇ ನಿಂತಿದ್ದರು, ನಾನೂ ಇದ್ದೆ.

ಹೊಸ ಕ್ಯಾಲಿಪರ್ ಕಟ್ಟಿಕೊಂಡ ದಿನ ಸುಮಿ ಅಂಗಳ ದಾಟಿ ಓಣಿಯ ತುದಿಯತನಕ ನಡೆದಳು. ಅವತ್ತು ನೆಲದ ಮೇಲೆ ಗೀರು ಬೀಳಲಿಲ್ಲ. ಮೇಡಂ ಅದನ್ನು ನೋಡಲು ಬಗ್ಗಿದವರು ಎಷ್ಟೋ ಹೊತ್ತು ಏಳಲಿಲ್ಲ. ಅಳುತ್ತಿದ್ದಾರೆಂದು ತಿಳಿದು ನಾನು ಬೇರೆ ಕಡೆ ನೋಡಿದೆ.

ಚಳಿಗಾಲ ಬಂತು. ಒಂದೇ ಒಂದು ತಕರಾರಿತ್ತು: ಬೆಳಿಗ್ಗೆ ಆ ಸರಳು ಕಾಲಿಗೆ ತಾಗಿದರೆ ಸುಮಿ ಚೀರಿ ಅಳುತ್ತಿದ್ದಳು, ಅಷ್ಟು ತಣ್ಣಗೆ. ಬಸ್ಸಿನಲ್ಲಿ ಮೇಡಂ ಇದನ್ನು ಹೇಳಿಕೊಳ್ಳುತ್ತಿದ್ದರು. ಕೆಲ ದಿನಗಳ ಮೇಲೆ, "ಈಗ ಅಳೂದಿಲ್ಲಂತ್ರಿ. ಗಟ್ಟಿ ಆಗ್ಯಾಳ ನನ್ನ ಮಗಳು" ಎಂದರು. ಅವರ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಅದಕ್ಕಿಂತ ಮುಂಚೆ ಕಂಡಿರಲಿಲ್ಲ, ಆಮೇಲೆ ಕಾಣಲೂ ಇಲ್ಲ.

ಚಳಿ ಇನ್ನೇನು ಮುಗಿಯಬೇಕು, ಶಾಲೆಯ ಮೆಟ್ಟಿಲಿಳಿಯುವಾಗ ಹೊರಬದಿಯ ಸರಳು ಮೊಣಕಾಲಿನ ಮೇಲೆ ಮಡಚಿತು. ಸುಮಿ ಬಿದ್ದಳು, ತೊಡೆಯ ಮೂಳೆ ಮುರಿಯಿತು. ಮೀರಜಿನ ಆಸ್ಪತ್ರೆ, ಪ್ಲಾಸ್ಟರು, ತಿಂಗಳುಗಟ್ಟಲೆ ಹಾಸಿಗೆ. ಮೂಳೆ ಕೂಡಿತು, ಆದರೆ ಕಾಲು ಗಿಡ್ಡಾಯಿತು. ಆಮೇಲೆ ಸುಮಿ ಊರುಗೋಲಿಲ್ಲದೆ ನಡೆದದ್ದಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ನೆಂಟರೆಲ್ಲರ ಮುಂದೆ ಆಯಿ ಎದೆ ಬಡಿದುಕೊಂಡರು. "ಓದಿದಾಕಿ ಅಂತ ನಂಬಿದೆವು. ಈಕಿ ಮಾಡಿದ ಸರಳ ನನ್ನ ಕೂಸಿನ ಕಾಲ ಮುರೀತು!" ಮೇಡಂ ಗೋಡೆಗೊರಗಿ ನಿಂತಿದ್ದರು. ಎಲ್ಲಿ ತಪ್ಪಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಅವರೂ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಮಡಚಿದ ಸರಳನ್ನು ಲ್ಯಾಬಿಗೆ ತಂದರು. ಒಂದು ಚೂರು ಕತ್ತರಿಸಿ, ಕನ್ನಡಿಯಂತೆ ಉಜ್ಜಿದರು. ಆಮ್ಲ ಕಲಸಿಕೊಟ್ಟವಳು ನಾನು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನಗೆ ಜಾಗ ಬಿಟ್ಟರು. ನಸುಬಿಳುಪಿನ ನೆಲದ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಕಂಡವು.

"ಚುಕ್ಕಿ ಕಾಣಾಕತ್ತಾವಲ್ರಿ" ಎಂದೆ.

"ಕಾಣಬಾರದಿತ್ತು. ಈ ಮೈಕ್ರೋಸ್ಕೋಪಿಗೆ ಕಾಣದಷ್ಟು ಸಣ್ಣವಿರಬೇಕಿತ್ತು, ಒತ್ತೊತ್ತಾಗಿ. ಅವು ಹಿಡಕೊಂಡಿದ್ದಕ್ಕ ಸರಳ ಗಟ್ಟಿ ಇರತೈತಿ. ಈಗ ಸಣ್ಣವು ಕರಗಿ ದೊಡ್ಡವಕ್ಕ ಸೇರ್ಯಾವ. ನಡುವ ಬರೀ ಬಯಲು." ಉಳಿದ ಸರಳನ್ನು ಕೈಗೆತ್ತಿಕೊಂಡು ಅಂದರು, "ಇದು ಒಂದ ದಿನದ ಕೆಲಸಲ್ರಿ. ಯಾರೋ ದಿನಾ ಸಣ್ಣ ಬಿಸಿ ಕೊಟ್ಟಾರ."

ಹೀಗೆ ಹೇಳಿದವರು ಸರಳಿನಲ್ಲಿ ಮೊಣಕಾಲು ಮಡಚಲೆಂದಿದ್ದ ಕೀಲನ್ನು ಸೂಜಿಯಿಂದ ಕೆದಕಿದರು. ಬಿಳಿ ಕಾಗದದ ಮೇಲೆ ಬೂದಿ ಉದುರಿತು.

ನನಗಿಂತ ಮೊದಲು ಅವರಿಗೆ ಹೊಳೆದಿತ್ತು. ಆಯಿ ರಾತ್ರಿ ಮಲಗುವ ಮುಂಚೆ ಚರ್ಮದ ಪಟ್ಟಿಗಳನ್ನು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು, ಅಥಣಿಯವರ ಮಾತು ಮರೆಯದೆ. ಗೂಟದಲ್ಲಿ ಬರೀ ಪಟ್ಟಿ ತೂಗುವುದನ್ನು ಮೇಡಂ ದಿನಾ ಕಂಡಿದ್ದರು, ಸರಳು ಎಲ್ಲಿ ಎಂದು ಕೇಳಿರಲಿಲ್ಲ. ಬರೀ ಸರಳುಗಳನ್ನು ಬಚ್ಚಲ ಹಂಡೆಯ ಒಲೆಯಲ್ಲಿ, ಕೆಂಡದ ಮೇಲಿನ ಬೂದಿಯೊಳಗೆ ಹೂತಿಡುತ್ತಿದ್ದರು, ಗೆಣಸು ಹೂತಿಟ್ಟ ಹಾಗೆ. ಬೆಳಿಗ್ಗೆ ಅವು ಹದವಾಗಿ ಆರಿ ಬೆಚ್ಚಗಿರುತ್ತಿದ್ದವು. ಎಣ್ಣೆಬಟ್ಟೆಯಿಂದ ಒರೆಸಿ ಕೂಸಿನ ಕಾಲಿಗೆ ಕಟ್ಟುತ್ತಿದ್ದರು. ಸುಮಿ ಅಳು ನಿಲ್ಲಿಸಿದ್ದು ಅದಕ್ಕೆ.

ನನಗೆ ತಲೆಗೇರಿತು. "ನಡೀರಿ, ಈಗಿಂದೀಗ ಹೋಗಿ ಹೇಳೂಣು. ಎಲ್ಲಾರ ಮುಂದ ನಿಮ್ಮನ್ನ ಬೈದಾರಲ್ಲ, ಎಲ್ಲಾರ ಮುಂದ ಹೇಳೂಣು" ಎಂದೆ.

ಮೇಡಂ ಕಾಗದ ಮಡಚಿ ಬೂದಿಯನ್ನು ಕಿಟಕಿಯಿಂದ ಹೊರಗೆ ಝಾಡಿಸಿದರು.

"ಚರ್ಮದ್ದು ಅಥಣಿಯವ್ರು ಹೇಳಿದ್ರು, ಆಯಿ ಪಾಲಿಸಿದ್ರು. ಲೋಹದ್ದು ನಾ ಹೇಳಬೇಕಿತ್ತು. ಹೇಳಲಿಲ್ಲ."

"ಒಲಿಯೊಳಗ ಇಡತಾರಂತ ನಿಮಗ ಕನಸ ಬಿದ್ದಿತ್ತೇನ್ರಿ?"

"ಅದು ತಣ್ಣಗಿರತೈತಿ ಅಂತ ನನಗ ಗೊತ್ತಿತ್ತಲ್ರಿ. ಬೆಚ್ಚಗ ಮಾಡಬೇಕಂತ ಹೊಳದದ್ದು ಅವ್ರಿಗೆ." ನನ್ನ ಕೈ ಹಿಡಿದರು. "ಹೇಳಿದ್ರ ಅವ್ರು ಮತ್ತ ಕೂಸಿನ ಮೈ ಮುಟ್ಟೂದಿಲ್ರಿ. ಸತ್ತಹೋಗತಾರ. ಸುಮಿಗೆ ಆಯಿ ಬೇಕು. ನಿಮ್ಮ ಕಾಲ ಬೀಳತೀನಿ, ಎಲ್ಲೂ ಅನ್ನಬ್ಯಾಡ್ರಿ."

ನಾನು ಮಾತು ಕೊಟ್ಟೆ. ಇಷ್ಟವಿಲ್ಲದೆ ಕೊಟ್ಟೆ. ಆಮೇಲೆ ಮೇಡಂ ಕೈಯಾರೆ ಕ್ಯಾಲಿಪರ್ ಮಾಡಲಿಲ್ಲ. ಸುಮಿಗೆ ಮತ್ತೆ ಮೀರಜಿನ ಕಬ್ಬಿಣದ್ದೇ ಬಂತು, ಅಂಗಳದಲ್ಲಿ ಗೀರೂ ಬಂತು.

ಆ ಮನೆಗೆ ನಾನು ಹೋದಾಗಲೆಲ್ಲ ಆಯಿಯ ಬೈಗುಳ ಇದ್ದೇ ಇರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಸುತ್ತಿ ಬಳಸಿ ಆ ಸರಳಿಗೇ ಬರುತ್ತಿತ್ತು. ಮೇಡಂ ಕೇಳಿಸಿಕೊಂಡು, ಆಯಿಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ತಡೆಯದೆ ಕೇಳಿದೆ, "ಎಷ್ಟ ವರ್ಷ ಅನಸ್ಕೋತೀರಿ?"

ಅವರು ಕಂಬಿ ತಟ್ಟಿ ಕಿವಿಗೊಟ್ಟರು. "ಬೈಲಿ ಬಿಡ್ರಿ. ಬೈಯೂತನಕ ನನಗ ನಿಶ್ಚಿಂತಿ. ಅವ್ರು ಸುಮ್ಮನಾದ ದಿನ ಅಂಜಿಕಿ. ಎಲ್ಲೋ ತಿಳಕೊಂಡ್ರು ಅಂತ ಅರ್ಥ."

ನನಗೆ ಸಿಟ್ಟು ಬಂತು. ಕಿಟಕಿಯಾಚೆಯ ತಂಬಾಕಿನ ಹೊಲ ನೋಡುತ್ತ ಕೂತೆ. ಇಂಥ ಹೆಣ್ಣನ್ನು ಪ್ರೀತಿಸುವುದೂ ಕಷ್ಟ, ಪ್ರೀತಿಸದಿರುವುದೂ ಕಷ್ಟ.

ಅವರು ಹೋದ ಮೂರನೆಯ ದಿನ ಬೆಳಿಗ್ಗೆ ಮನೆಗೆ ಹೋದೆ. ಪಡಸಾಲೆ ತುಂಬ ಬೀಗರು ನೆಂಟರು. ಗಂಡ ಮೂಲೆಯಲ್ಲಿ ಕೂತಿದ್ದರು, ಅಡಗಿಕೊಳ್ಳಲು ಪೇಪರೂ ಇಲ್ಲದೆ. ಆಯಿ ನಡುವೆ ಕೂತು ಸೊಸೆಯ ಗುಣಗಾನ ಮಾಡಿ ಅಳುತ್ತಿದ್ದವರು, ಅಳುವಿನ ನಡುವೆಯೇ, "ಅಷ್ಟ ಓದಿದ್ಲು, ಕೂಸಿನ ಕಾಲಿಗೆ ಒಂದ ಸರಳ ನೆಟ್ಟಗ ಮಾಡಾಕ ಬರಲಿಲ್ಲ" ಎಂದರು.

ಮೇಡಂ ಇದ್ದತನಕ ನನ್ನ ಬಾಯಿಗೆ ಬೀಗವಿತ್ತು. ಈಗ ಅವರೇ ಇಲ್ಲವೆಂದ ಮೇಲೆ ಯಾರಿಗೆ ಕೊಟ್ಟ ಮಾತು? ಆಯಿ ಎದ್ದು ಬಚ್ಚಲ ಕಡೆ ಹೋದರು. ನಾನೂ ಹಿಂದೆ ಹೋದೆ. ಅವರು ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಬೂದಿ ಸರಿಸುತ್ತಿದ್ದರು. ಒಳಗೆ ಸುಮಿ, ಈಗ ಕಾಲೇಜಿಗೆ ಹೋಗುವ ಹುಡುಗಿ, ಮಂಚದ ಮೇಲೆ ಕಾಲು ಇಳಿಬಿಟ್ಟು ಕ್ಯಾಲಿಪರಿಗೆ ಕಾಯುತ್ತಿರುವುದು ಬಾಗಿಲಿಂದ ಕಾಣುತ್ತಿತ್ತು.

"ಆಯಿ, ಒಂದು ಮಾತು ಹೇಳೂದಿತ್ರಿ" ಎಂದೆ.

ಅವರು ತಿರುಗಲಿಲ್ಲ. "ಸರಳಿನ ಮಾತ ಹೌದಲ್ರಿ ಬಾಯಾರ? ಗೊತ್ತೈತಿ ನನಗ. ಕೂಡ್ರಿ."

ನಾನು ನಿಂತೇ ಇದ್ದೆ.

"ಮೀರಜಿಂದ ಕಬ್ಬಿಣದ್ದು ತಂದ ದಿನ ಆಕಿ ನನ್ನ ಕೈಯಾಗ ಕೊಟ್ಟು, 'ಅತ್ತೀ, ಇದನ್ನ ಬೇಕಾದ್ರ ಬೂದಿಯೊಳಗ ಇಡ್ರಿ, ಇದಕ್ಕ ಏನೂ ಆಗೂದಿಲ್ಲ' ಅಂದ್ಲು. ಬೂದಿಯೊಳಗ ಇಡತೀನಿ ಅಂತ ನಾ ಯಾರ ಮುಂದೂ ಅಂದಿರಲಿಲ್ರಿ. 'ಇದಕ್ಕ' ಏನೂ ಆಗೂದಿಲ್ಲ ಅಂದ್ಲು. ಹಂಗಾರ ಅದಕ್ಕ ಆಗಿತ್ತು. ಅವತ್ತ ತಿಳೀತು, ಕೂಸಿನ ಕಾಲ ಮುರದದ್ದು ಈ ಕೈ ಅಂತ."

ಈಗ ನಾನು ಕೂತೆ. "ತಿಳದ ಮ್ಯಾಲೂ ಅವ್ರನ್ನ ಬೈತಿದ್ರಲ್ಲ ಆಯಿ?"

"ಬೈಯೂದು ನಿಲ್ಲಿಸಿದ್ರ ನನಗ ತಿಳದೈತಿ ಅಂತ ಆಕಿಗೆ ತಿಳೀತಿತ್ತಲ್ರಿ. ನನ್ನ ಸಲುವಾಗಿ ಅಷ್ಟು ಮುಚ್ಚಿಟ್ಟಾಕಿಗೆ, ನೀ ಮುಚ್ಚಿಟ್ಟದ್ದು ದಂಡ ಆತವ್ವಾ ಅಂತ ಹ್ಯಾಂಗ ತೋರಸ್ಲಿ? ಬೈಕೋತ ಬಂದೆ. ಬಾಯಿಗೆ ಎಷ್ಟ ರೂಢಿ ಆಗೇತಿ ನೋಡ್ರಿ, ಇವತ್ತೂ ಬಂತು. ಆಕಿ ಇಲ್ಲ, ಇವತ್ತೂ ಬಂತು." ಈಗ ನನ್ನ ಕಡೆ ತಿರುಗಿದರು. "ಬಾಯಾರ, ನೀವು ದಿನಾ ಕೂಡಿ ಹೋಗಾವ್ರು. ಖರೇ ಹೇಳ್ರಿ. ಆಕಿಗೆ ಗೊತ್ತಿತ್ತೇನು, ನನಗ ತಿಳದೈತಿ ಅಂತ?"

ಕಂಬಿ ತಟ್ಟಿ ಕಿವಿಗೊಟ್ಟ ಆ ಮುಖ ನೆನಪಾಯಿತು. ಬೈಯೂತನಕ ನನಗ ನಿಶ್ಚಿಂತಿ.

"ಇಲ್ರಿ ಆಯಿ. ಕಡೀತನಕ ಗೊತ್ತಿರಲಿಲ್ಲ."

"ಖರೇನ?"

"ನಿಮ್ಮ ಆಣಿ, ಖರೇನ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಂಗಾರ ನಾ ಬೈದದ್ದು ದಂಡ ಆಗಲಿಲ್ಲ" ಎಂದು, ಬೂದಿಯೊಳಗಿನ ಸರಳು ತೆಗೆಯಲು ಬಗ್ಗಿದರು.